ಶಂಖದ ಹುಳುಗಳಿಗೆ ಸುಣ್ಣ

ಮಳೆನೀರಿನಲ್ಲಿ ಬೆಂದ ತೊಗರಿಬೇಳೆಯನ್ನು ನೀವು ಒಮ್ಮೆಯಾದರೂ ಉಂಡಿದ್ದರೆ, ನಾನು ಮಾಡಿದ ತಪ್ಪನ್ನು ಅರ್ಧ ಕ್ಷಮಿಸಿಯೇ ಮುಂದಕ್ಕೆ ಓದುತ್ತೀರಿ. ವಿಜಾಪುರದ ಅಥಣಿ ರಸ್ತೆಯ ಕಡೆಗಿರುವ ನಮ್ಮ ಓಣಿಯಲ್ಲಿ ಬಾವಿಗೇನೂ ಕೊರತೆಯಿಲ್ಲ. ಆದರೆ ಆ ನೀರು ಎಂಥ ಹಟಮಾರಿಯೆಂದರೆ ಸಾಬೂನು ಅದರಲ್ಲಿ ನೊರೆ ಬಿಡಲೊಲ್ಲದು, ಬೇಳೆ ಮಧ್ಯಾಹ್ನದ ತನಕ ಕುದ್ದರೂ ಕಾಳು ಕಾಳಾಗಿ ಕೂತು ನಮ್ಮನ್ನೇ ನೋಡುತ್ತದೆ. ಹೀಗಾಗಿ ಮಳೆ ಶುರುವಾದೊಡನೆ ಪಡಸಾಲೆಯ ತಗಡಿನ ಅಂಚಿಗೆ ಡ್ರಮ್ಮು ಹಚ್ಚಿ, ಇಳಿದ ನೀರನ್ನು ಬಟ್ಟೆಯಲ್ಲಿ ಸೋಸಿ, ಬೇಳೆಗೆ ಮತ್ತು ಬಂದವರಿಗೆ ಎಂದು ಎತ್ತಿಡುತ್ತೇವೆ. ಮನೆಮಂದಿಗೆ ಸವಳು ನೀರು, ಅತಿಥಿಗೆ ಸಿಹಿ ನೀರು. ನಾನು ಓದಿದ್ದು ಎರಡನೆಯ ಇಯತ್ತೆ, ಅದೂ ಪೂರ್ತಿ ಅಲ್ಲ; ಆದರೂ ಈ ಒಂದು ಶಾಸ್ತ್ರದಲ್ಲಿ ನನ್ನನ್ನು ಯಾರೂ ಫೇಲು ಮಾಡಲಾರರು ಎಂದು ತಿಳಿದಿದ್ದೆ.

ಆ ವರುಷ ಶ್ರಾವಣದಲ್ಲಿ ಪಕ್ಕದ ಮನೆಯ ಖತೀಜಾಬಿ ಟಿಕೋಟಾಕ್ಕೆ ಹೊರಟಳು. ಅಲ್ಲಿಗೆ ಕೊಟ್ಟ ಮಗಳು ಹಡೆದಿದ್ದಳು, ಮಗಳ ಅತ್ತೆಗೆ ಕಣ್ಣು ಮಂಜು, ಬಾಣಂತನಕ್ಕೆ ಇವಳೇ ಹೋಗಬೇಕಾಯಿತು. ಹೋಗುವ ಮುನ್ನ ಒಂದು ಗಾಜಿನ ತೊಟ್ಟಿಯನ್ನು ತಂದು ನಮ್ಮ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಅವಳ ಗಂಡ ಕಿಟಕಿಗಳಿಗೆ ಗಾಜು ಕೂಡಿಸುವವನು. ಕೊಯ್ದು ಉಳಿದ ತುಂಡುಗಳನ್ನು ಜೋಡಿಸಿ ತೊಟ್ಟಿ ಮಾಡಿ, ಭೂತನಾಳ ಕೆರೆಯಿಂದ ಶಂಖದ ಹುಳುಗಳನ್ನು ಆರಿಸಿ ತಂದು ಬಿಟ್ಟಿದ್ದ. ಮೀನು ಸಾಕಬಾರದೇ ಎಂದು ಕೇಳಿದವರಿಗೆ, ಮೀನು ಕಂಡರೆ ಒಲೆಯ ನೆನಪಾಗುತ್ತದೆ, ಸಾಕುವುದು ಹೇಗೆ ಎನ್ನುತ್ತಿದ್ದ. ಹಿಂದಿನ ಚಳಿಗಾಲದಲ್ಲಿ ಅವನು ತೀರಿಕೊಂಡ, ಹುಳುಗಳು ಉಳಿದವು. ಖತೀಜಾಬಿ ಅತ್ತು ಕರೆದು ಮಾಡುವ ಹೆಂಗಸಲ್ಲ. ಆದರೆ ದಿನಾ ಬೆಳಿಗ್ಗೆ ಅವನ್ನು ಎಣಿಸದೆ ಚಹಾಕ್ಕೆ ನೀರಿಡುತ್ತಿರಲಿಲ್ಲ.

“ಎಂಟು ಕೊಟ್ಟೇನಿ ಅಕ್ಕಾ, ಎಂಟು ಎಣಿಸಿ ತಗೋತೀನಿ,” ಎಂದಳು. ಸೊಪ್ಪಿನ ದಂಟು ಹಾಕು, ವಾರಕ್ಕೆರಡು ಸಲ ನೀರು ಬದಲಿಸು ಎಂದಳು. ಯಾವ ನೀರು ಎಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಅವಳ ಮನೆಯಲ್ಲಿ ಇದ್ದದ್ದೇ ಒಂದು ನೀರು.

ಪರರ ಮನೆಯಿಂದ ಬಂದವರಿಗೆ ಬೇಳೆ ಬೇಯದ ನೀರು ಕೊಡುವುದು ಹೇಗೆ, ನೀವೇ ಹೇಳಿ. ನಮ್ಮ ಮನೆಯವರ ತಟ್ಟೆಗೆ ಗಟ್ಟಿ ಬೇಳೆ ಬಡಿಸಿ, ಉಳಿಸಿದ ಮಳೆನೀರನ್ನು ಆ ಎಂಟು ಅತಿಥಿಗಳಿಗೆ ಸುರಿದೆ. ಮೂರನೆಯ ವಾರಕ್ಕೆ ಶಂಖಗಳ ತುದಿ ಬೆಳ್ಳಗಾಯಿತು. ಆಮೇಲೆ ಗೆದ್ದಲು ಹತ್ತಿದ ಕಟ್ಟಿಗೆಯಂತೆ ಸಣ್ಣ ಸಣ್ಣ ಕುಣಿ ಬಿದ್ದವು. ಒಂದನ್ನು ಬೆರಳಲ್ಲಿ ಹಿಡಿದರೆ ಹಪ್ಪಳದಂತೆ ಅಂಚು ಮುರಿಯಿತು. ಹುಳು ಸತ್ತರೆ ಹುಳುವೇ ಸರಿ, ಆದರೆ ಖತೀಜಾಬಿ ಬಂದು ಏಳು ಎಂದು ಎಣಿಸಿ ನಿಂತರೆ ಅವಳ ಮುಂದೆ ನಾನು ಯಾವ ಮುಖ ಹೊತ್ತು ನಿಲ್ಲಲಿ?

ಚಿಪ್ಪು ಸುಣ್ಣದ್ದು, ಸುಣ್ಣ ಸಾಲದಾಗಿದೆ ಎಂದು ನಮ್ಮ ಮನೆಯವರು ತೀರ್ಪು ಕೊಟ್ಟರು. ಅವರು ಸಾಲೆಯಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದು ನಿವೃತ್ತರಾದವರು. ಕೆಲಸವಿಲ್ಲದ ಗಂಡಸಿಗೆ ಇಂಥ ಸಂಕಟ ಸಿಕ್ಕರೆ ಹಬ್ಬ. ಸುಣ್ಣ ಉಣಿಸುವ ಉಪಾಯಗಳು ಒಂದೊಂದಾಗಿ ಕಿಟಕಿಯ ಕಟ್ಟೆಗೆ ಬಂದವು. ಮೊದಲು ಸಾಲೆಯಲ್ಲಿ ಹಲಗೆಗೆ ಬರೆದು ಉಳಿದ ಖಡು ಹಾಕಿದರು. ತೊಟ್ಟಿ ಹಾಲಿನ ಬೋಗುಣಿಯಂತಾಗಿ ಎರಡು ದಿನ ಹುಳುಗಳೇ ಕಾಣಲಿಲ್ಲ. ಮೊಣಕಾಲು ನೋವಿಗೆಂದು ಡಾಕ್ಟರು ನನಗೆ ಕೊಟ್ಟಿದ್ದ ಕ್ಯಾಲ್ಸಿಯಂ ಗುಳಿಗೆಯನ್ನು ನಾನೇ ಕದ್ದು ಹಾಕಿದೆ. ಅದು ತಳದಲ್ಲಿ ಅಂಟಾಗಿ ಕೂತಿತು, ನನ್ನ ಮೊಣಕಾಲಿಗೂ ಆಗಲಿಲ್ಲ, ಮೊಣಕಾಲೇ ಇಲ್ಲದ ಅವಕ್ಕೂ ಆಗಲಿಲ್ಲ. ತತ್ತಿಯ ಸಿಪ್ಪೆ ಒಳ್ಳೆಯದೆಂದು ಎದುರು ಮನೆಯಾಕೆ ಹೇಳಿದಳು. ಹುಳುಗಳಿಗೆ ಜಾತಿ ಇಲ್ಲ, ನಿಜ. ಕಿಟಕಿ ಮಾತ್ರ ನಮ್ಮತ್ತೆಯ ಕಾಲದ್ದು, ಅದರ ಮೇಲೆ ತತ್ತಿ ಇಡಲು ನನಗೇ ಧೈರ್ಯ ಸಾಲಲಿಲ್ಲ.

ಕಡೆಗೆ ಅವರು ಪರಿಚಯದ ಕಂಪೌಂಡರನಿಂದ ಖಾಲಿ ಸಲಾಯಿನ್ ಬಾಟಲಿ, ರಬ್ಬರಿನ ನಳಿಗೆ ತಂದರು. ಎಲೆಯಡಿಕೆಯ ಡಬ್ಬಿಯ ಸುಣ್ಣವನ್ನು ನೀರಲ್ಲಿ ಕದಡಿ, ಮೇಲಿನ ತಿಳಿ ತುಂಬಿ, ಗೋಡೆಯ ಮೊಳೆಗೆ ತೂಗುಹಾಕಿದರು.

“ದವಾಖಾನ್ಯಾಗ ಮನಿಷ್ಯಾಗ ಹನಿ ಹನಿ ಬಿಟ್ಟು ಉಳಸ್ತಾರ. ಹುಳಕ್ಕ ಯಾಕ ಬರಂಗಿಲ್ಲ?”

ಹನಿ ಬೀಳುವ ಚಂದ ನೋಡಲು ಓಣಿಯ ಮಂದಿ ಬಂದು ಹೋದರು. ರೋಗಿಗಳ ಯೋಗಕ್ಷೇಮ ವಿಚಾರಿಸಿದರು. ಸಂಜೆಯ ಹೊತ್ತಿಗೆ ತೊಟ್ಟಿಯಲ್ಲಿ ಒಂದೇ ಹುಳು ಇತ್ತು. ಉಳಿದವು ಖಾರದ ಸುಣ್ಣ ತಾಳಲಾರದೆ ಗಾಜು ಹತ್ತಿ ಹೊರಬಿದ್ದಿದ್ದವು. ನಾಲ್ಕು ಗೋಡೆಯ ಮೇಲೆ, ಎರಡು ಪರದೆಗೆ, ಒಂದು ಕ್ಯಾಲೆಂಡರಿನಲ್ಲಿ ಏಕಾದಶಿಯ ಮೇಲೆ ಕೂತು ಉಪವಾಸ ಹಿಡಿದಿತ್ತು.

“ದವಾಖಾನ್ಯಾಗ ಮನಿಷ್ಯಾ ಹಾಸಗಿ ಬಿಟ್ಟು ಗ್ವಾಡಿ ಏರಂಗಿಲ್ರಿ,” ಎಂದು ಬಾಟಲಿ ಇಳಿಸಿದೆ.

ಮರುದಿನ ಅಮಾವಾಸ್ಯೆ, ಸ್ನಾನದ ಹಂಡೆ ತಿಕ್ಕುವ ದಿನ. ಬಾವಿಯ ನೀರು ದಿನಾ ಕಾಯ್ದು ಕಾಯ್ದು ಹಂಡೆಯ ಒಳಮೈಗೆ ಬಿಳಿಯ ಹಕ್ಕಳೆ ಕಟ್ಟುತ್ತದೆ; ತಲೆ ಒಳಗೆ ಹಾಕಿ ಕುಡುಗೋಲಿನಿಂದ ಕೆರೆದು ತೆಗೆಯಬೇಕು. ಮದುವೆಯಾಗಿ ಬಂದಾಗಿನಿಂದ ಕೆರೆಯುತ್ತಲೇ ಇದ್ದೇನೆ, ಬೈಯುತ್ತಲೇ ಇದ್ದೇನೆ. ಅಂದು ಒಂದು ಚೂರು ಅಂಗೈಗೆ ಬಿತ್ತು: ತೆಳ್ಳಗೆ, ಬಾಗಿಕೊಂಡು, ಪದರು ಪದರಾಗಿ, ಥೇಟು ಶಂಖದ ಒಡಕಲು. ಹಂಡೆಯೊಳಗೆ ತಲೆ ಇಟ್ಟುಕೊಂಡೇ ನನಗೆ ನಗು ಬಂತು. ನನ್ನ ಹಂಡೆಗೆ ಕೇಳದೆಯೇ ಚಿಪ್ಪು ಕಟ್ಟಿಕೊಡುವ ನೀರು ಹಿತ್ತಲಲ್ಲಿ ತುಂಬಿ ನಿಂತಿರುವಾಗ, ನಾನು ಆ ಬಡಪಾಯಿಗಳಿಗೆ ಆಕಾಶದ ನೀರು ಕುಡಿಸಿ, ಆ ನೀರಿಗೆ ಮತ್ತೆ ಸುಣ್ಣ ಕಲಸುವ ಯಂತ್ರ ಹುಡುಕುತ್ತಿದ್ದೆ. ಮೆತ್ತಗಿನ ನೀರು ಬೇಳೆಯನ್ನು ಮೆತ್ತಗೆ ಮಾಡುತ್ತದೆ ಎಂದು ಗೊತ್ತಿದ್ದವಳಿಗೆ, ಹುಳುವಿನ ಮನೆಯನ್ನೂ ಮೆತ್ತಗೆ ಮಾಡೀತು ಎಂದು ಹೊಳೆಯಲಿಲ್ಲ. ಉಪಚಾರ ಮಾಡುವಾಗ ಬಂದವರಿಗೆ ಏನು ಬೇಕೆಂದು ನಾವು ಎಲ್ಲಿ ನೋಡುತ್ತೇವೆ. ನಮ್ಮಲ್ಲಿ ಯಾವುದು ಹೆಚ್ಚಿನದೋ ಅದನ್ನು ಸುರಿದು, ನಮ್ಮ ದೊಡ್ಡತನಕ್ಕೆ ನಾವೇ ತಲೆದೂಗುತ್ತೇವೆ.

ಅಂದಿನಿಂದ ಬಾವಿಯ ನೀರು. ಶಂಖದ ಬಾಯಿಯ ಅಂಚಿನಲ್ಲಿ ಹೊಸ ಚಿಪ್ಪು ಗಟ್ಟಿಯಾಗಿ ಬೆಳೆಯತೊಡಗಿತು. ಆದರೆ ಈ ಪ್ರಾಣಿ ತನ್ನ ಮನೆಯನ್ನು ಬಾಗಿಲ ಕಡೆಗಷ್ಟೇ ಕಟ್ಟುತ್ತದೆ, ಹಿಂದಿನ ಕುಣಿ ತುಂಬುವುದಿಲ್ಲ. ಮುಚ್ಚಿಡುವ ಹಾಗಿರಲಿಲ್ಲ.

ದಸರೆಗೆ ಖತೀಜಾಬಿ ಬಂದಳು. ಚೀಲ ಇಳಿಸದೆಯೇ ಎಣಿಸಿದಳು. ಎಂಟೂ ಇದ್ದವು. ಆಮೇಲೆ ಒಂದನ್ನು ಎತ್ತಿ, ತಿಂದುಹೋದ ತುದಿಯ ಮೇಲೆ ಹೆಬ್ಬೆರಳು ಆಡಿಸಿದಳು. ನಾನು ಸುತ್ತಿ ಬಳಸಿ ಹೇಳುವವಳಲ್ಲ.

“ಮಳಿ ನೀರು ಹಾಕೀನಿ. ನಿನ್ನ ಮನಿಯಿಂದ ಬಂದಾವಂತ.”

ಅವಳು ಆ ಹುಳುವನ್ನು ಮೆಲ್ಲಗೆ ತೊಟ್ಟಿಗೆ ಬಿಟ್ಟಳು. ಗಂಡನ ಕೈಯಿಂದ ಬಂದದ್ದು, ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಬಳಿಕ ಅವಳ ತುಟಿಯ ಒಂದು ಮೂಲೆ ಅಲುಗಿತು.

“ಬೀಗರಂಗ ನೋಡ್ಕೊಂಡಿ ಅಕ್ಕಾ. ಅದಕ್ಕ ಸಾಯಾಕ ಬಂದಿದ್ವು.”

ತೊಟ್ಟಿ ಎತ್ತಿಕೊಂಡು ಹೊರಟವಳು ಬಾಗಿಲಲ್ಲಿ ನಿಂತು, ಎಲ್ಲಕ್ಕಿಂತ ಹೆಚ್ಚು ಸವೆದ ಎರಡನ್ನು ಆರಿಸಿ ನನ್ನ ಅಂಗೈಗೆ ಹಾಕಿದಳು.

“ಇವೆರಡು ನಿನ್ನವು. ಮರ್ಯಾದಿ ಮಾತ್ರ ಮಾಡಬ್ಯಾಡ.”

ಈಗ ಅವು ಬಾವಿಯ ಕಟ್ಟೆಯ ಮಗ್ಗುಲಲ್ಲಿ, ಅಂಚು ಒಡೆದ ಬೋಗುಣಿಯಲ್ಲಿವೆ. ಕೊಡದ ತಳದಲ್ಲಿ ಉಳಿದ ನೀರನ್ನು ಹಾದುಹೋಗುವಾಗ ಸುರಿಯುತ್ತೇನೆ, ಒಂದು ಒಳ್ಳೆಯ ಮಾತೂ ಆಡುವುದಿಲ್ಲ. ಹೋದ ವಾರ ಹೊಸ ಚಿಪ್ಪನ್ನು ಉಗುರಿನಿಂದ ಗೀರಿ ನೋಡಿದೆ. ನನ್ನ ಉಗುರು ಮುರಿಯಿತು.