ಮೌನಮ್ಮನವರ ದಪ್ಪ–ತೆಳು ಪಾಠ

ತೊಂಡೆ ಎಲೆಯಿಂದ ಉಜ್ಜಿದ ಹಸಿ ಪಾಟಿಯ ವಾಸನೆ ಇಂದಿಗೂ ನನ್ನ ನೆನಪಿನಲ್ಲಿದೆ. ರಂಗಂಪೇಟೆಯ ಶಾಲೆಯಲ್ಲಿ ಆ ಪಾಟಿಯನ್ನು ತೊಡೆಯ ಮೇಲಿಟ್ಟುಕೊಂಡು ನಾವು ‘ಭಾರ–ಹಗುರ, ದಪ್ಪ–ತೆಳು’ ಎಂದು ಕೂಗಿ ಬಾಯಿಪಾಠ ಮಾಡುತ್ತಿದ್ದೆವು. ಒಂದು ಕಲ್ಲನ್ನಾಗಲಿ, ಕಡ್ಡಿಯನ್ನಾಗಲಿ ಕೈಗೆ ಕೊಟ್ಟು ‘ನೋಡಿ ಹೇಳು’ ಎಂದವರಿಲ್ಲ. ಎಳೆಯ ಮಕ್ಕಳ ಕೈಗೆ ವಸ್ತುವನ್ನಿತ್ತು, ಅವರಿಂದಲೇ ಉತ್ತರ ಹೊರಡಿಸುವವರನ್ನು ನಾನು ಕಂಡದ್ದು ಬಹಳ ತಡವಾಗಿ, ನಾನೇ ಶಿಕ್ಷಕಿಯಾಗಿ ಹಲವು ವರ್ಷ ಕಳೆದ ಮೇಲೆ. ಈ ತಿಂಗಳು ಸೇವೆಯಿಂದ ನಿವೃತ್ತರಾಗುತ್ತಿರುವ ಶ್ರೀಮತಿ ಮೌನಮ್ಮನವರು ಅಂಥವರು. ಎಲ್ಲರೂ ದೊಡ್ಡ ತರಗತಿಗಳನ್ನು ಬಯಸುವಲ್ಲಿ, ಒಂದನೆಯ ತರಗತಿಯನ್ನೇ ಕೇಳಿ ಪಡೆದು ಇಡೀ ಸೇವಾವಧಿಯನ್ನು ಅದರಲ್ಲಿ ಕಳೆದವರು ನಮ್ಮ ಭಾಗದಲ್ಲಿ ಮತ್ತೊಬ್ಬರು ಇರುವುದು ನನಗೆ ಗೊತ್ತಿಲ್ಲ.

ಕಾಲುವೆಯ ಅಗೆತ ನಡೆದಿದ್ದ ವರ್ಷಗಳಲ್ಲಿ ಅವರು ದೋರನಹಳ್ಳಿಯ ನಮ್ಮ ಶಾಲೆಗೆ ಬಂದರು. ನೀರು ಹರಿದ ಮೇಲೆ ಮಕ್ಕಳನ್ನು ಹೊಲದ ದಂಡೆಗೆ ಕರೆದೊಯ್ದು, ಒಂದು ಅಂಗೈಯಲ್ಲಿ ಜೋಳದ ಕಾಳು, ಇನ್ನೊಂದರಲ್ಲಿ ಹೊಸದಾಗಿ ಬಂದ ಭತ್ತದ ಕಾಳು ಇಟ್ಟು, “ಯಾವ್ದು ಗುಂಡಗದ? ಯಾವ್ದು ಉದ್ದದ?” ಎಂದು ಕೇಳುತ್ತಿದ್ದರು. ಮುಂದೆ ಸುರಪುರಕ್ಕೆ, ಯಾದಗಿರಿಗೆ ವರ್ಗವಾದರೂ ಅವರ ಒಂದು ರೂಢಿ ಬದಲಾಗಲಿಲ್ಲ: ಹೋಲಿಕೆಗೆ ಮೊದಲು ಹೊರಬರುವ ವಸ್ತು ಟೀಚರರದೇ ಆಗಿರಬೇಕು. ತಮ್ಮ ಸವೆದ ಚಪ್ಪಲಿ, ಕಡ್ಡಿ ಮುರಿದ ಕೊಡೆ. “ಇದಕಿಂತ ಹಳೇದು ಯಾರ ಮನ್ಯಾಗೂ ಇಲ್ರಿ!” ಎಂದು ಮಕ್ಕಳು ನಕ್ಕರೆ ಅವರೂ ನಗುತ್ತಿದ್ದರು. ದೋರನಹಳ್ಳಿಯಲ್ಲಿದ್ದಾಗ, ನನ್ನ ಕಣ್ಣಿನ ಶಸ್ತ್ರಚಿಕಿತ್ಸೆಯಾದ ದಿನಗಳಲ್ಲಿ ನನ್ನ ತರಗತಿಯನ್ನೂ ನೋಡಿಕೊಂಡು, ಸಂಜೆ ಮನೆಗೆ ಬಂದು, ಯಾವ ಮಗು ಏನು ಬರೆಯಿತೆಂದು ಹೇಳಿ ಹೋಗುತ್ತಿದ್ದರು. ನಾನು ಕೇಳಿಕೊಂಡಿರಲಿಲ್ಲ.

ಹಾರೈಕೆ ಕೊನೆಯಲ್ಲಿ ಬರಬೇಕೆಂಬುದು ರೂಢಿ. ಕೊನೆಗೆ ನಾನು ಹೇಳಬೇಕಾದದ್ದು ಬೇರೆ ಇರುವುದರಿಂದ ಇಲ್ಲಿಯೇ ಹಾರೈಸುತ್ತೇನೆ. ಮೌನಮ್ಮನವರು ನೂರು ವರ್ಷ ಗಟ್ಟಿಮುಟ್ಟಾಗಿ ಬಾಳಲಿ. ಓಣಿಯ ಮಕ್ಕಳು ಅವರ ಕಟ್ಟೆಯ ಮೇಲೆ ಕೂತು ಕಲ್ಲು, ಎಲೆ, ಹುಣಸೆಬೀಜಗಳನ್ನು ಜೋಡಿಸುತ್ತಿರಲಿ.

ಇನ್ನು, ಮೊದಲು ಟೀಚರರದೇ ವಸ್ತು ಎಂಬ ಅವರ ರೂಢಿ ಹುಟ್ಟಿದ ಬಗೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಅವರು ಬಂದ ಮೊದಲ ವರ್ಷ. ದಪ್ಪ–ತೆಳು ಪಾಠಕ್ಕೆಂದು ಮಕ್ಕಳ ಬುತ್ತಿ ಬಿಚ್ಚಿಸಿ, ಎರಡು ರೊಟ್ಟಿ ಎತ್ತಿ ಹಿಡಿದರು. ಒಂದು ಹಾಳೆಯಂತೆ ತೆಳು. ಇನ್ನೊಂದು, ಕಾಲುವೆಯ ಮಣ್ಣು ಹೊರಲು ಗುರುಮಠಕಲ್ ಕಡೆಯಿಂದ ಬಂದಿದ್ದ ಬಾಲಮ್ಮನ ಮಗಳು ಹಣಮಮ್ಮನದು.

“ಅದು ರೊಟ್ಟಿ ಅಲ್ರಿ ಟೀಚರ್, ಸೆಗಣಿ ಕುಳ್ಳು!” ಎಂದು ಯಾರೋ ಕೂಗಿದರು. ತರಗತಿಯೆಲ್ಲ ನಕ್ಕಿತು. ಮರುದಿನದಿಂದ ಹಣಮಮ್ಮ ಬರಲಿಲ್ಲ.

ಶನಿವಾರ ಮಧ್ಯಾಹ್ನ ಮೌನಮ್ಮನವರು ನನ್ನನ್ನು ಜೊತೆಗೆ ಕರೆದುಕೊಂಡು ಕಾಲುವೆಯ ದಂಡೆಯ ಗುಡಿಸಲುಗಳಿಗೆ ಹೋದರು. ಬಾಲಮ್ಮ ಮೂರು ಕಲ್ಲಿನ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತಲಿಲ್ಲ.

“ಹೊತ್ತು ಏರೂದ್ರೊಳಗ ಬುಟ್ಟಿ ಹೊರಬೇಕ್ರಿ ನಾವು. ತೆಳ್ಳಗ ಬಡಿಯಾಕ ಪುರಸೊತ್ತೆಲ್ಲಿ? ನಗಿಸ್ಕೊಳ್ಳಾಕ ಸಾಲಿಗಿ ಯಾಕ ಕಳಿಸ್ಲಿ? ಇನ್ಮ್ಯಾಗ ಆಕಿ ತನ್ನ ತಮ್ಮನ್ನ ನೋಡ್ಕೊಂತ ಇಲ್ಲೇ ಇರ್ತಾಳ.”

ಹಾಗೆ ಉಳಿದ ಮಗು ಮತ್ತೆ ಶಾಲೆಯ ಮೆಟ್ಟಿಲು ಹತ್ತುವುದಿಲ್ಲವೆಂದು ನಮಗಿಬ್ಬರಿಗೂ ಗೊತ್ತಿತ್ತು.

“ತಪ್ಪು ಹುಡುಗರದಲ್ಲರಿ ಬಾಲಮ್ಮ, ನಂದು. ಮನಿ ಬುತ್ತಿ ಬಿಚ್ಚಿಸಿ ಎಲ್ಲಾರ ಮುಂದ ಹಿಡಿಬಾರದಿತ್ತು” ಎಂದರು ಮೌನಮ್ಮನವರು. ಅವರು ಒಲೆಯ ಬಳಿ ಕುಳಿತು, “ಒಂದು ನಾ ಬಡೀಲೇನ್ರಿ?” ಎಂದು ಹಿಟ್ಟಿನ ಉಂಡೆ ಎತ್ತಿಕೊಂಡರು. ಹಾಸ್ಟೆಲಿನಲ್ಲಿದ್ದು ಓದಿದವರು, ರೊಟ್ಟಿ ಬಡಿದವರಲ್ಲ. ಬಡಿದಷ್ಟೂ ಅಂಚು ಹರಿಯಿತು, ನಡು ಮಾತ್ರ ಅಗಲವಾಗಲಿಲ್ಲ. ಹೇಗೋ ಹಂಚಿಗೆ ಹಾಕಿದರು.

ತಾಯಿಯ ಬೆನ್ನ ಹಿಂದಿನಿಂದ ಹಣಮಮ್ಮ ಇಣುಕಿದಳು. “ಯವ್ವಾ, ಟೀಚರ್ದು ನಿಂದಕಿಂತ ದಪ್ಪ ಅದ!”

“ಏ, ಸುಮ್ಕಿರು. ಹಂಗ ಅನಬಾರದು.”

“ಅನ್ಲಿ ಬಿಡ್ರಿ, ಖರೇನ ಅದ” ಎಂದರು ಮೌನಮ್ಮನವರು. ಬೆಂದ ಮೇಲೆ ಎರಡೂ ರೊಟ್ಟಿಗಳನ್ನು ಮಗುವಿನ ಮುಂದೆ ಹಿಡಿದರು. “ಕೈಯಾಗ ಹಿಡದು ನೋಡಿ ಹೇಳವ್ವ.”

ಹಣಮಮ್ಮ ಅತ್ತಿತ್ತ ತಿರುಗಿಸಿ ನೋಡಿದಳು. “ನಿಮ್ದ ದಪ್ಪ ರೀ. ಅಂಚೂ ಹರದದ. ಸೋಮವಾರ ಇದನ್ನ ಎಲ್ಲಾರಿಗೂ ತೋರಸ್ತೀರೇನ್ರಿ?”

“ನೀ ಬಂದು ಹಿಡಕೊಂಡು ನಿಂತ್ರ ತೋರಸ್ತೀನಿ.”

ಮಗು ತಾಯಿಯ ಮುಖ ನೋಡಿತು. ಬಾಲಮ್ಮ ಟೀಚರರ ಆ ಹರಕು ರೊಟ್ಟಿಯನ್ನು ಒಂದು ಅರಿವೆಯಲ್ಲಿ ಸುತ್ತಿ ಮಗಳ ಪಾಟಿಚೀಲದೊಳಗೆ ಇಟ್ಟಳು. ಆಮೇಲೆ ತಾನು ಬಡಿದ ಎರಡು ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ, ಮೌನಮ್ಮನವರ ಕೈಗೆ ಕೊಟ್ಟಳು.