ಹದಿನಾಲ್ಕನೇ ಕೋಣೆಯ ಕಾಲೇಜು

ಕೆಸ್ಲರ್ ಊರಿನಲ್ಲಿ ಕಾಲೇಜು ಇದೆ ಎಂದರೆ ಹೊಸಬರು ಸುತ್ತ ನೋಡುತ್ತಾರೆ. ಅವರಿಗೆ ಕಾಣುವುದು ಮೆಕ್ಕೆಜೋಳದ ಹೊಲ, ಧಾನ್ಯ ತುಂಬುವ ಗೋಪುರ, ಪರಸ್ಪರ ಮಾತು ಬಿಟ್ಟಿರುವ ಎರಡು ಲೂಥರನ್ ಚರ್ಚು, ಹನ್ನೆರಡನೇ ತರಗತಿಯವರೆಗಿನ ಒಂದು ಹೈಸ್ಕೂಲು. ಕಾಲೇಜು ಇರುವುದು ಆ ಹೈಸ್ಕೂಲಿನ ಹದಿನಾಲ್ಕನೇ ಕೋಣೆಯಲ್ಲಿ, ಅದೂ ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷದಿಂದ ಹನ್ನೊಂದರವರೆಗೆ ಮಾತ್ರ. ಅದಕ್ಕೆ ಮುಂಚೆ ಅದೇ ಕೋಣೆಯಲ್ಲಿ ಡ್ವೇನ್ ಟೀಲ್ಕೆ ಮೇಷ್ಟ್ರು ಒಂಬತ್ತನೇ ತರಗತಿಯ ಮಕ್ಕಳಿಗೆ ಅಲ್ಪವಿರಾಮ ಎಲ್ಲಿ ಹಾಕಬೇಕೆಂದು ಹೇಳಿಕೊಡುತ್ತಿರುತ್ತಾರೆ. ಗಂಟೆ ಹೊಡೆಯುತ್ತದೆ, ಚಿಕ್ಕವರು ಹೋಗಿ ದೊಡ್ಡವರು ಬಂದು ಕೂರುತ್ತಾರೆ. ಮೇಷ್ಟ್ರೂ ಅವರೇ, ಮೊಣಕೈಗೆ ತೇಪೆ ಹಾಕಿದ ಕೋಟೂ ಅದೇ, ಅಲ್ಪವಿರಾಮವೂ ಅದೇ. ಆದರೆ ಈಗ ಅದು ಕಾಲೇಜು; ಗಣಿತ, ಜೀವಶಾಸ್ತ್ರದ ಕೋಣೆಗಳೂ ತಮ್ಮ ತಮ್ಮ ಗಂಟೆಗೆ ಹೀಗೇ ಕಾಲೇಜಾಗುತ್ತವೆ. ನಲವತ್ತು ಮೈಲಿ ಆಚೆಯ ಸಮುದಾಯ ಕಾಲೇಜು ಇಂಥ ಪ್ರತಿ ಪಾಠವನ್ನೂ ಡಿಗ್ರಿಯ ಲೆಕ್ಕಕ್ಕೆ ಹಿಡಿದು ಮೂರು ಕ್ರೆಡಿಟ್ ಕೊಡುತ್ತದೆ. ವರ್ಷಕ್ಕೆರಡು ಸಲ ಅಲ್ಲಿಂದ ಒಬ್ಬರು ತಪಾಸಣೆಗೆ ಬರುತ್ತಾರೆ. ಕೊನೆಯ ಬೆಂಚಿನಲ್ಲಿ ಕೂತು, ಕ್ಯಾಂಟೀನಿನ ಮಾಂಸದ ಖಾರದ ಸಾರಿಗೆ ಚಕ್ಕೆ ಹಾಕಿದ ಸಿಹಿ ರೋಲು ನಂಚಿಕೊಂಡು ಉಂಡು, ಗುಣಮಟ್ಟ ಚೆನ್ನಾಗಿದೆ ಎಂದು ಬರೆದು ಹೋಗುತ್ತಾರೆ. ರೋಲಿನ ಗುಣಮಟ್ಟ ನಿಜಕ್ಕೂ ಚೆನ್ನಾಗಿದೆ.

ಈ ಕಾಲೇಜನ್ನು ಒಂದು ಇಟ್ಟಿಗೆಯೂ ಇಡದೆ ಕಟ್ಟಿದವಳು ಲವೋನ್ ಹಿನ್ರಿಕ್ಸ್. ಟೈಪಿಂಗ್ ಹೇಳಿಕೊಡಲು ಬಂದವಳು, ಟೈಪಿಂಗ್ ಯಂತ್ರಗಳು ಗುಜರಿಗೆ ಹೋದ ಮೇಲೆ ವಿದ್ಯಾರ್ಥಿಗಳ ಸಲಹೆಗಾರ್ತಿಯಾದಳು. ವಯಸ್ಸು ಐವತ್ತೊಂಬತ್ತು, ಕನ್ನಡಕಕ್ಕೆ ಮಣಿಯ ಸರ. ಹೈಸ್ಕೂಲಿನಲ್ಲಿ ಇರುವಾಗಲೇ ಕಾಲೇಜಿನ ಪಾಠವನ್ನೂ ಮುಗಿಸಿಬಿಡಬಹುದು, ಒಂದೇ ಪಾಠವನ್ನು ಇಲ್ಲಿಗೂ ಅಲ್ಲಿಗೂ ಎರಡು ಸಲ ಎಣಿಸಬಹುದು ಎಂಬ ಸರ್ಕಾರದ ಏರ್ಪಾಡು ಕಿವಿಗೆ ಬಿದ್ದ ದಿನದಿಂದ ಆಕೆಗೆ ಬೇರೆ ಧ್ಯಾನವೇ ಇಲ್ಲ. ಯಾವುದಾದರೂ ಹುಡುಗಿ ಅಳುತ್ತಾ ಬಂದು ತಂದೆ ತಾಯಿ ಬೇರೆಯಾಗುತ್ತಿದ್ದಾರೆ ಎಂದರೆ, ಲವೋನ್ ಟಿಶ್ಯೂ ಡಬ್ಬಿ ಮುಂದೆ ತಳ್ಳಿ, ಮನಸ್ಸು ಬೇರೆ ಕಡೆ ತಿರುಗಲು ಮನಶ್ಶಾಸ್ತ್ರದ ಮೂರು ಕ್ರೆಡಿಟ್ ತೆಗೆದುಕೊಳ್ಳಲು ಹೇಳುತ್ತಿದ್ದಳು. ಅಂಗಡಿಯಲ್ಲಿ ಹಾಲು ತರಲು ಹೋದರೂ ಯಾರ ಮಗುವಿಗೆ ಎಷ್ಟು ಕ್ರೆಡಿಟ್ ಎಂಬುದೇ ಮಾತು. ಊರಿನ ತಾಯಂದಿರೂ ಅದಕ್ಕೆ ಕುಣಿದರು. ಮೊದಲು ಕುಂಬಳಕಾಯಿಯ ತೂಕದಲ್ಲಿ, ಹಂದಿಮರಿಯ ಬಹುಮಾನದಲ್ಲಿ ನಡೆಯುತ್ತಿದ್ದ ಪೈಪೋಟಿಯೆಲ್ಲ ಕ್ರೆಡಿಟ್ಟಿಗೆ ಬಂದು ನಿಂತಿತು. ಹೆಚ್ಚು ಕ್ರೆಡಿಟ್ ಇದ್ದವರಿಗೆ ಹೈಸ್ಕೂಲು ಮುಗಿಸುವ ಸಮಾರಂಭದ ದಿನ ಕೊರಳಿಗೆ ಬಣ್ಣಬಣ್ಣದ ಹಗ್ಗ ಹಾಕುವ ಪದ್ಧತಿಯನ್ನೂ ಲವೋನ್ ತಂದಳು. ಕೆಲವು ಮಕ್ಕಳು ಸಂಕ್ರಾಂತಿಯ ಎತ್ತಿನಂತೆ ಕಾಣುತ್ತಿದ್ದರು.

ಈ ಎಲ್ಲ ಪರಾಕ್ರಮಕ್ಕೆ ಕಳಶವಿಟ್ಟವಳು ಡಾರ್ಸಿ ವೋಟಾವಾ. ವಯಸ್ಸು ಹದಿನೆಂಟು, ಕ್ರೆಡಿಟ್ ಅರವತ್ತೆರಡು. ಅಂದರೆ ಕಾಲೇಜಿನ ಅರ್ಧ ಮುಗಿದಿತ್ತು. ವಾಲಿಬಾಲ್ ಬಿಟ್ಟಳು, ಹಾಡುವುದನ್ನು ಬಿಟ್ಟಳು, ಎರಡು ಬೇಸಿಗೆ ಕಂಪ್ಯೂಟರಿನ ಮುಂದೆ ಕೂತು ಸರ್ಕಾರದ ರಚನೆ, ಸಮಾಜಶಾಸ್ತ್ರ ಮುಗಿಸಿದಳು. ಮೇ ತಿಂಗಳ ಒಂದು ಶುಕ್ರವಾರ ಸಮುದಾಯ ಕಾಲೇಜು ಅವಳಿಗೆ ಎರಡು ವರ್ಷದ ಡಿಗ್ರಿ ಕೊಟ್ಟಿತು. ಹೈಸ್ಕೂಲು ಮುಗಿಸಿದ ಪ್ರಮಾಣಪತ್ರ ಬರುವುದು ಇನ್ನೂ ಒಂಬತ್ತು ದಿನದ ಮೇಲೆ. ಮದುವೆಗೆ ಮುಂಚೆ ನಾಮಕರಣ ಮಾಡಿದಂತಿದ್ದ ಈ ಸಂಗತಿಗೆ ಊರಿನ ವಾರಪತ್ರಿಕೆ ಮುಖಪುಟದಲ್ಲಿ ಜಾಗ ಕೊಟ್ಟಿತು. ಫೋಟೋದಲ್ಲಿ ಡಾರ್ಸಿ ಒಂದು ಪಕ್ಕ, ತಾಯಿ ಜನೆಲ್ ಇನ್ನೊಂದು ಪಕ್ಕ, ನಡುವೆ ಲವೋನ್.

ಜತೆಗೆ ಇನ್ನೊಂದು ಸಂಭ್ರಮವಿತ್ತು. ಕೆಸ್ಲರ್‌ನ ಮಕ್ಕಳು ಸಾಮಾನ್ಯವಾಗಿ ರಾಜ್ಯದೊಳಗೇ ಓದುವವರು. ಡಾರ್ಸಿಗೆ ಪೂರ್ವ ಕರಾವಳಿಯ ಒಂದು ಹಳೆಯ, ದೊಡ್ಡ ಹೆಸರಿನ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು. ಅಲ್ಲಿ ನಾಲ್ಕು ವರ್ಷದ್ದನ್ನು ಅವಳು ಎರಡೇ ವರ್ಷದಲ್ಲಿ ಮುಗಿಸುತ್ತಾಳೆ, ಇಪ್ಪತ್ತಕ್ಕೆ ಪದವೀಧರೆ, ಇಪ್ಪತ್ತಮೂರಕ್ಕೆ ವಕೀಲೆ ಎಂದು ಜನೆಲ್ ಚರ್ಚಿನ ಕಾಫಿ ಹೊತ್ತಿನಲ್ಲಿ ಪ್ರತಿ ಭಾನುವಾರ ಹೇಳಿದಳು. ಕೇಳಿದವರಿಗೆ ಹುಡುಗಿ ಮೂವತ್ತಕ್ಕೇ ನಿವೃತ್ತಳಾಗುತ್ತಾಳೇನೋ ಎನಿಸುತ್ತಿತ್ತು.

ಆಗ ಬಂತು ಆ ವಿಶ್ವವಿದ್ಯಾಲಯದ ಒಂದು ಹಾಳೆ. ಹೈಸ್ಕೂಲಿನ ಸಲಹೆಗಾರರು ತುಂಬಿ ಸಹಿ ಹಾಕಬೇಕು. ಮೂರೇ ಪ್ರಶ್ನೆ. ಈ ಪಾಠಗಳು ಹೈಸ್ಕೂಲಿನ ಕಟ್ಟಡದಲ್ಲಿ ನಡೆದವೇ? ಕಲಿಸಿದವರು ಹೈಸ್ಕೂಲಿನ ಶಿಕ್ಷಕರೇ? ಇವುಗಳನ್ನು ಹೈಸ್ಕೂಲು ಮುಗಿಸುವುದಕ್ಕೂ ಲೆಕ್ಕ ಹಿಡಿಯಲಾಗಿದೆಯೇ? ಯಾವುದಾದರೂ ಒಂದಕ್ಕೆ ಹೌದು ಎಂದಾದರೆ ಆ ಕ್ರೆಡಿಟ್ ನಮ್ಮಲ್ಲಿ ನಡೆಯುವುದಿಲ್ಲ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು.

ಲವೋನ್ ಅದನ್ನು ಮೂರು ಸಲ ಓದಿದಳು. ಹದಿನೈದು ವರ್ಷದಿಂದ ಆಕೆ ತಂದೆ ತಾಯಂದಿರಿಗೆ ಕ್ರೆಡಿಟ್ ಎಂದರೆ ನಾಣ್ಯ ಇದ್ದಂತೆ, ದೇಶದಲ್ಲಿ ಎಲ್ಲಿ ಕೊಟ್ಟರೂ ನಡೆಯುತ್ತದೆ ಎಂದು ಹೇಳುತ್ತಾ ಬಂದಿದ್ದಳು. ಆ ರಾಜ್ಯದ ಕಾಲೇಜುಗಳು ತುಟಿಪಿಟಕ್ಕೆನ್ನದೆ ತೆಗೆದುಕೊಳ್ಳುತ್ತಿದ್ದವು. ಹೊರಗಿನವರನ್ನು ಕೇಳಿ ನೋಡಬೇಕೆಂದು ಆಕೆಗೆ ಒಂದು ದಿನವೂ ತೋಚಿರಲಿಲ್ಲ. ಈಗ ಫೋನ್ ಮಾಡಿದಳು. ಆ ಕಡೆಯ ಹುಡುಗ ಬಹಳ ಮರ್ಯಾದೆಯಿಂದ, ಮೇಡಂ, ಒಂದೇ ಊಟಕ್ಕೆ ಎರಡು ಕಡೆ ಬಿಲ್ ತೋರಿಸಿದರೆ ಹೇಗೆ ಎಂಬರ್ಥದ ಮಾತಾಡಿ ಫೋನ್ ಇಟ್ಟ.

ಹಾಗೆಂದು ಲವೋನ್ ಸುಮ್ಮನೆ ಕೂರುವವಳಲ್ಲ. ಎರಡು ಸಲ ಎಣಿಸಿದ್ದೇ ತೊಂದರೆಯಾದರೆ ಇಲ್ಲಿಯ ಎಣಿಕೆಯನ್ನು ಅಳಿಸಿಬಿಟ್ಟರಾಯಿತು ಎಂದುಕೊಂಡಳು. ಕಂಪ್ಯೂಟರಿನಲ್ಲಿ ಡಾರ್ಸಿಯ ದಾಖಲೆ ತೆಗೆದು, ಕಾಲೇಜು ಇಂಗ್ಲಿಷನ್ನು ಹೈಸ್ಕೂಲಿನ ಪಟ್ಟಿಯಿಂದ ತೆಗೆದುಹಾಕಿದಳು. ಗಣಿತ, ಇತಿಹಾಸ, ಜೀವಶಾಸ್ತ್ರ ಒಂದೊಂದನ್ನೇ ತೆಗೆದಳು. ಕಂಪ್ಯೂಟರು ಸ್ವಲ್ಪ ಯೋಚಿಸಿ ಕೆಂಪಕ್ಷರದಲ್ಲಿ ಹೇಳಿತು: ಈ ವಿದ್ಯಾರ್ಥಿನಿ ಹತ್ತನೇ ತರಗತಿಯನ್ನು ಮುಗಿಸಿಲ್ಲ. ಹೈಸ್ಕೂಲಿನದೇ ಎಂದು ಉಳಿದದ್ದು ವ್ಯಾಯಾಮ, ಅಡುಗೆ, ಮತ್ತು ಬೆಸುಗೆ ಹಾಕುವ ಪಾಠ.

ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ಡ್ವೇನ್ ಮೇಷ್ಟ್ರು ಅದನ್ನು ಓದಿ ನಗು ತಡೆಯಲಾರದೆ ಹೋದರು. ಇಬ್ಬರೂ ಮೂವತ್ತು ವರ್ಷ ಜೊತೆಗೆ ದುಡಿದವರು, ಸಂಕೋಚವಿಲ್ಲ.

"ಅಲ್ಲ ಮಾರಾಯ್ತಿ, ಕಾಲೇಜು ಡಿಗ್ರಿ ಇರೋ ಹುಡುಗೀನ ಹತ್ತನೇ ಕ್ಲಾಸಿಗೆ ವಾಪಸ್ ಕಳಿಸಿದೆಯಲ್ಲ. ಬೇಸಿಗೇಲಿ ನನ್ನ ಕ್ಲಾಸಿಗೇ ಬರ್ಲಿ ಬಿಡು. ಅದೇ ಕೋಣೆ, ಅದೇ ಪುಸ್ತಕ. ಈ ಸಲ ಕಾಲೇಜು ಅನ್ನದೆ ಹೇಳಿಕೊಡ್ತೀನಿ."

"ನಗಬೇಡ ಡ್ವೇನ್. ಎರಡು ವರ್ಷ ಹೋಗುತ್ತೆ ಆ ಮಗೂಗೆ."

"ನಾನು ಮೊದಲೇ ಹೇಳಿರ್ಲಿಲ್ವಾ? ಹತ್ತೂ ಐದಕ್ಕೆ ಗಂಟೆ ಹೊಡೆದ ಕೂಡ್ಲೆ ನಾನೇನು ಪ್ರೊಫೆಸರ್ ಆಗಿಬಿಡ್ತೀನಾ? ನೀನೇ ಕೇಳ್ಲಿಲ್ಲ."

ಅಳಿಸಿದ್ದನ್ನೆಲ್ಲ ಲವೋನ್ ಮತ್ತೆ ತುಂಬಿದಳು. ಹತ್ತನೇ ತರಗತಿಯೂ ಮುಗಿಯಿತು, ಹೈಸ್ಕೂಲೂ ಮುಗಿಯಿತು, ಹಾಳೆ ಮಾತ್ರ ಮೇಜಿನ ಮೇಲೆ ಹಾಗೇ ಇತ್ತು.

ಬುಧವಾರ ಜನೆಲ್ ಬಂದಳು. ಭಾನುವಾರದ ಸಮಾರಂಭ ಮುಗಿದ ಮೇಲೆ ಮನೆಯ ಗ್ಯಾರೇಜಿನಲ್ಲಿ ಇನ್ನೂರು ಜನಕ್ಕೆ ಹ್ಯಾಮ್ ಸ್ಯಾಂಡ್‌ವಿಚ್ ಆಗಬೇಕು, ಆ ಗಡಿಬಿಡಿಯಲ್ಲೂ ಬಂದಳು. ಹಾಳೆಯ ವಿಷಯ ಗೊತ್ತಾಗಿತ್ತು. ಮೂರಕ್ಕೂ ಇಲ್ಲ ಎಂದು ಬರೆದು ಕಳಿಸಿ, ಅಲ್ಲಿಂದ ಯಾರು ಸಾವಿರದ ಐನೂರು ಮೈಲಿ ಬಂದು ಕೋಣೆ ನೋಡುತ್ತಾರೆ ಎಂಬುದು ಅವಳ ವಾದ. ಶಾಲೆಯ ಆಡಳಿತ ನೋಡುವ ಸೂಪರಿಂಟೆಂಡೆಂಟ್ ಸಾಹೇಬರೂ ಅದನ್ನೇ ಸುತ್ತಿ ಬಳಸಿ ಹೇಳಿದ್ದರು. ಕ್ರೆಡಿಟ್ ನಡೆಯುವುದಿಲ್ಲ ಎಂಬ ಸುದ್ದಿ ಹಬ್ಬಿದರೆ ಮಕ್ಕಳನ್ನು ಪಕ್ಕದ ಊರಿನ ಶಾಲೆಗೆ ಸೇರಿಸುತ್ತಾರೆ ಎಂಬುದು ಅವರ ಭಯ.

"ನೀವು ಕೊಟ್ಟ ಮಾತು ಇದು, ಲವೋನ್," ಎಂದಳು ಜನೆಲ್. "ಎರಡು ವರ್ಷ ಉಳಿಯುತ್ತೆ ಅಂದ್ರಿ. ನಾನು ಅವಳನ್ನ ಒಂದು ಆಟಕ್ಕೂ ಬಿಡ್ಲಿಲ್ಲ. ಉಳಿಸಿಕೊಡಿ ಈಗ."

ಲವೋನ್ ಸುಳ್ಳು ಹೇಳುವ ಹೆಂಗಸಲ್ಲ. ಬಡಾಯಿ ಬೇರೆ, ಸುಳ್ಳು ಬೇರೆ ಎಂದು ನಂಬಿ ಬದುಕಿದವಳು. ಆದರೆ ಜನೆಲ್ ಹೋದ ಮೇಲೆ ಪೆನ್ನು ತೆಗೆದುಕೊಂಡು ಮೊದಲ ಪ್ರಶ್ನೆಯ ಮುಂದೆ ಇಲ್ಲ ಎಂದು ಬರೆದಳು. ಹದಿನಾಲ್ಕನೇ ಕೋಣೆ ಹೈಸ್ಕೂಲಿನಲ್ಲಿ ಇಲ್ಲ ಎಂದು ತನ್ನ ಕೈಯಾರೆ ಬರೆದದ್ದು ನೋಡಿ ಆಕೆಗೇ ನಾಚಿಕೆಯಾಯಿತು. ಎರಡನೆಯದಕ್ಕೆ ಹೋಗುವಷ್ಟರಲ್ಲಿ ಬಾಗಿಲು ತಟ್ಟಿದ್ದು ಡಾರ್ಸಿ.

ಹುಡುಗಿ ಕೂರಲಿಲ್ಲ. ಹಾಳೆಯ ಕಡೆ ನೋಡಿದಳು.

"ಅದರಲ್ಲಿ ನಿಜಾನೇ ಬರೀರಿ, ಮಿಸೆಸ್ ಹಿನ್ರಿಕ್ಸ್."

ಲವೋನ್‌ಗೆ ಮೊದಲು ಅರ್ಥವಾಗಲಿಲ್ಲ. ಸಿಕ್ಕಿಬೀಳುತ್ತೇನೆಂದು ಹುಡುಗಿ ಹೆದರಿದ್ದಾಳೆ ಎಂದುಕೊಂಡು, ಜವಾಬ್ದಾರಿ ನನ್ನದು, ನೀನು ತಲೆ ಕೆಡಿಸಿಕೊಳ್ಳಬೇಡ ಎಂದಳು. ಡಾರ್ಸಿ ಹೆದರಿಕೆ ಇಲ್ಲ ಎಂದಳು. ತನಗೆ ಅಲ್ಲಿ ಮೊದಲನೇ ವರ್ಷದಿಂದ, ಎಲ್ಲರ ಜೊತೆ, ನಾಲ್ಕು ವರ್ಷವೂ ಓದಬೇಕಂತೆ. ಹಣದ ಮಾತೇ ಇಲ್ಲ, ಅವರು ನಾಲ್ಕು ವರ್ಷಕ್ಕೂ ವಿದ್ಯಾರ್ಥಿವೇತನ ಕೊಟ್ಟಿದ್ದಾರೆ. ಅಮ್ಮನಿಗೆ ಹೇಳುವ ಧೈರ್ಯ ಇಲ್ಲದೆ ಇಲ್ಲಿಗೆ ಬಂದಿದ್ದಾಳೆ.

ಆಗ ಲವೋನ್ ಯಾರಿಗೂ ಹೇಳದ ಒಂದು ವಿಷಯವನ್ನು ಬಾಯಿಬಿಟ್ಟಳು. ತಾನೂ ಹದಿನೆಂಟಕ್ಕೆ ರಾಜಧಾನಿಯ ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋಗಿದ್ದಳು. ಒಂದು ಕ್ಲಾಸಿನಲ್ಲಿ ಮುನ್ನೂರು ಜನ, ಹೆಸರು ಹಿಡಿದು ಕರೆಯುವವರು ಒಬ್ಬರೂ ಇಲ್ಲ. ಊಟದ ಹಾಲಿನಲ್ಲಿ ತಟ್ಟೆ ಹಿಡಿದು ಎಲ್ಲಿ ಕೂರುವುದೆಂದು ತಿಳಿಯದೆ, ತಟ್ಟೆ ಅಲ್ಲೇ ಇಟ್ಟು, ಕಾರಿನಲ್ಲಿ ಕೂತು ಬಿಸ್ಕತ್ತು ತಿನ್ನುತ್ತಿದ್ದಳು. ಆರನೇ ವಾರ ಅಪ್ಪ ಧಾನ್ಯದ ಲಾರಿ ತಂದು ಹಾಸಿಗೆ ಸಮೇತ ವಾಪಸ್ ಕರೆದುಕೊಂಡು ಬಂದ. ಮುಂದೆ ಹತ್ತಿರದ ಶಿಕ್ಷಕರ ಕಾಲೇಜಿಗೆ ದಿನಾ ಮನೆಯಿಂದಲೇ ಹೋಗಿ ಓದು ಮುಗಿಸಿದಳು. ಹೇಳುತ್ತಾ ಆಕೆಯ ಕಣ್ಣು ತುಂಬಿತು. ನಲವತ್ತೊಂದು ವರ್ಷದ ಮೇಲೂ ಆ ತಟ್ಟೆಯ ಭಾರ ಕೈಯಲ್ಲಿ ಹಾಗೇ ಇತ್ತು.

"ಅದಕ್ಕೇ ಕಣೇ ಇದೆಲ್ಲ ಮಾಡಿದ್ದು," ಎಂದಳು. "ನೀವೆಲ್ಲ ಮನೆಯಲ್ಲಿದ್ದುಕೊಂಡೇ ಅರ್ಧ ಮುಗಿಸಿಬಿಟ್ರೆ, ಅಲ್ಲಿ ಒಂಟಿಯಾಗಿ ಕೂತು ಉಣ್ಣೋ ದಿನಗಳು ಅರ್ಧ ಆಗುತ್ತಲ್ಲ ಅಂತ."

ಡಾರ್ಸಿ ಒಳ್ಳೆಯ ಹುಡುಗಿ, ದೊಡ್ಡವರಿಗೆ ಎದುರು ಮಾತಾಡಿ ಅಭ್ಯಾಸವಿಲ್ಲ.

"ನಾನು ಎರಡು ವರ್ಷದಿಂದ ಲೈಬ್ರರೀಲಿ ಒಬ್ಬಳೇ ಉಣ್ತಾ ಇದ್ದೀನಿ, ಮಿಸೆಸ್ ಹಿನ್ರಿಕ್ಸ್. ಊಟದ ಹೊತ್ತಿಗೆ ನೀವು ಸಂಖ್ಯಾಶಾಸ್ತ್ರ ಹಾಕಿದ್ರಿ. ಆಮೇಲೆ ಅರ್ಥಶಾಸ್ತ್ರ. ಈ ಸ್ಕೂಲಿನ ಊಟದ ಹಾಲಲ್ಲಿ ಈಗ ಯಾರು ಎಲ್ಲಿ ಕೂರ್ತಾರೆ ಅಂತಾನೂ ನಂಗೊತ್ತಿಲ್ಲ."

ಲವೋನ್ ಪೆನ್ನು ಕೆಳಗಿಟ್ಟಳು. ಎಷ್ಟು ಕ್ರೆಡಿಟ್ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವವಳಿಗೆ ಈ ಹುಡುಗಿಯ ಗೆಳತಿ ಯಾರೆಂದು ಗೊತ್ತಿರಲಿಲ್ಲ. ಕೇಳಬೇಕಾದವಳು ತಾನೇ, ಸಂಬಳ ಬರುವುದೂ ಅದಕ್ಕೇ, ಆದರೂ ಕೇಳಿರಲಿಲ್ಲ. ಅರವತ್ತೆರಡನ್ನು ಕಟ್ಟುವ ಗಡಿಬಿಡಿಯಲ್ಲಿ ತಾನು ಕಂಡ ಆ ಆರು ವಾರವನ್ನೇ ಎರಡು ವರ್ಷ ಮಾಡಿ ಈ ಮಗುವಿಗೆ ಉಣಿಸಿದ್ದೆನಲ್ಲ ಎಂದುಕೊಂಡಳು.

"ನಿಮ್ಮ ಮೇಲೆ ಕೋಪ ಇಲ್ಲ," ಎಂದಳು ಡಾರ್ಸಿ. ಅದು ನಿಜವಿರಲಾರದು, ಆದರೂ ಅಂದಳು. "ಆದ್ರೆ ಹೋಗೋ ಎರಡು ವರ್ಷ ಆಗ್ಲೇ ಹೋಗಿದೆ. ಮುಂದಿನ ಎರಡನ್ನೂ ಉಳಿಸಿಕೊಡೋಕೆ ಹೋಗ್ಬೇಡಿ."

ಅವಳು ಹೋದ ಮೇಲೆ ಲವೋನ್ ಕನ್ನಡಕ ಒರೆಸಿಕೊಂಡಳು. ಜನೆಲ್ ಬಂದು ಕೂಗಾಡುವುದು, ಸೂಪರಿಂಟೆಂಡೆಂಟ್ ಕರೆಸುವುದು, ಅಂಗಡಿಯಲ್ಲಿ ಹಾಲಿನ ಸಾಲಿನಲ್ಲಿ ಜನ ಮಾತು ನಿಲ್ಲಿಸುವುದು ಎಲ್ಲವೂ ಕಣ್ಣ ಮುಂದೆ ಬಂತು. ಬರಲಿ ಎಂದುಕೊಂಡಳು. ಬರೆದಿದ್ದ ಇಲ್ಲವನ್ನು ಹೊಡೆದು ಹಾಕಿ ಮೇಲೆ ಹೌದು ಎಂದು ಬರೆದಳು. ಎರಡನೆಯದಕ್ಕೂ ಹೌದು, ಮೂರನೆಯದಕ್ಕೂ ಹೌದು. ಕೆಳಗೆ, ಸಲಹೆಗಾರರು ಹೇಳುವುದು ಬೇರೇನಾದರೂ ಇದ್ದರೆ ಎಂದು ನಾಲ್ಕು ಗೆರೆಯಷ್ಟು ಜಾಗ ಬಿಟ್ಟಿದ್ದರು. ಬೇರೆ ದಿನವಾಗಿದ್ದರೆ ಹಗ್ಗಗಳ ಬಣ್ಣ ಸಮೇತ ಬರೆದು ಹಿಂಬದಿಗೂ ತಿರುಗಿಸುತ್ತಿದ್ದಳು. ಇವತ್ತು ಎರಡೇ ಸಾಲು ಬರೆದು ಸಹಿ ಹಾಕಿದಳು.

"ದಯವಿಟ್ಟು ಇವಳನ್ನು ಮೊದಲನೇ ವರ್ಷಕ್ಕೆ ಸೇರಿಸಿಕೊಳ್ಳಿ. ಈ ಹುಡುಗಿ ಇನ್ನೂ ಕಾಲೇಜಿಗೆ ಹೋಗಿಲ್ಲ."