ಬೀಸುಕಲ್ಲು ಮತ್ತು ಇಂಟರ್‌ಮೀಡಿಯೆಟ್

ನಮ್ಮ ತರಗತಿಯಲ್ಲಿ ಹುಡುಗಿಯರು ಮೂವರೇ. ಅವರಲ್ಲಿ ಹಳ್ಳಿಯಿಂದ ಬಂದವಳು ನಾನೊಬ್ಬಳು. ಇದನ್ನು ಇವತ್ತಿಗೂ ಜಂಬದಿಂದಲೇ ಹೇಳುತ್ತೇನೆ. ಸ್ವಾತಂತ್ರ್ಯ ಬಂದ ಮರುವರ್ಷ ಅಪ್ಪ ನನ್ನನ್ನು ದೇಶನೂರಿನಿಂದ ಕರೆತಂದು, ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿದ್ದ ತನ್ನ ತಂಗಿಯ ಮನೆಯಲ್ಲಿ ಬಿಟ್ಟು ಇಂಟರ್‌ಮೀಡಿಯೆಟ್‌ಗೆ ಸೇರಿಸಿದ. ಹೊರಡುವಾಗ ಒಂದೇ ಮಾತು: "ಪದ ಕಟ್ಟೋದು ಇನ್ನ ಸಾಕು. ಎರಡು ಹರಗೋಲದಾಗ ಕಾಲಿಟ್ಟರ ನೀರುಪಾಲು ಆಗ್ತಿ. ಓದು, ಇಲ್ಲಾಂದ್ರ ಮನಿಗೆ ನಡಿ." ನಾನು ಹೂಂ ಎಂದೆ.

ಆ ಹೂಂ ಬಹಳ ದಿನ ಬಾಳಲಿಲ್ಲ. ಪಾಠವೆಲ್ಲ ಇಂಗ್ಲಿಷಿನಲ್ಲಿ, ಪ್ರಶ್ನೆಪತ್ರಿಕೆ ಮದರಾಸಿನಿಂದ. ರಸಾಯನಶಾಸ್ತ್ರ ಓದಿ ಓದಿ ತಲೆ ಗಿರ್ರೆನ್ನುತ್ತಿತ್ತು. ಒಂದು ಪದ ಕಟ್ಟಿದ್ದರೆ ಜೀವ ಹಗುರಾಗುತ್ತಿತ್ತೇನೋ, ಆದರೆ ನಮ್ಮೂರ ಹೆಂಗಸರು ಕಾಗದದ ಮುಂದೆ ಕೂತು ಹಾಡು ಕಟ್ಟುವವರಲ್ಲ. ಬೀಸುಕಲ್ಲಿನ ಗೂಟ ಹಿಡಿದು ತಿರುಗಿಸಿದರಷ್ಟೇ ನಾಲಿಗೆಗೆ ಸಾಲು ಬರುವುದು. ಅತ್ತೆಯ ಮನೆಯ ಜೋಳವೋ ಹಿಟ್ಟಿನ ಗಿರಣಿಗೆ ಹೋಗುತ್ತಿತ್ತು, ಕಲ್ಲು ಹಿತ್ತಲಲ್ಲಿ ಬಿದ್ದಿತ್ತು.

"ಅತ್ತಿ, ಜೋಳ ನಾ ಬೀಸ್ತೀನಿ" ಎಂದೆ.

"ಹುಚ್ಚೇನ ನಿನಗ? ಓದಾಕ ಬಂದ ಹುಡುಗಿ ಕೈಲಿ ಬೀಸಿಸ್ತಾಳ ಅಂತ ಓಣಿ ಮಂದಿ ನನ್ನ ಮಾರಿಗೆ ಉಗುಳ್ತಾರ!"

ಕಾಡಿ ಬೇಡಿ ಒಪ್ಪಿಸಿದೆ. ದಿನಾ ಬೆಳಿಗ್ಗೆ ಎರಡು ಸೇರು. ಮೊದಲ ಸೇರು ಮುಗಿಯುವತನಕ ಹಿಂದಿನ ದಿನದ ಪಾಠ ಬಾಯಲ್ಲೇ ಒಪ್ಪಿಸುತ್ತಿದ್ದೆ, ಎರಡನೆಯದು ಹಾಡಿಗೆ. ಅಬ್ಬಾ, ಆ ಎರಡನೆಯ ಸೇರಿನ ಸುಖ!

ಅತ್ತೆ ಹೆದರಿದ್ದೇ ಆಯಿತು. ಕುರುಗೋಡಿನಿಂದ ಸೀರೆ ಕೊಳ್ಳಲು ಪೇಟೆಗೆ ಬಂದ ದೊಡ್ಡಮ್ಮ, ನಾನು ಬೆವರು ಒರೆಸಿಕೊಳ್ಳುತ್ತ ಬೀಸುವುದನ್ನು ಕಂಡಳು. ಕಂಡವಳು ನಮ್ಮನ್ನೊಂದು ಮಾತು ಕೇಳಬಾರದೇ? ಸಿರುಗುಪ್ಪದ ಸಂತೆಯಲ್ಲಿ ಅಪ್ಪ ಸಿಕ್ಕಾಗ, "ನಿನ್ನ ಮಗಳು ಕಾಲೇಜಿಗೆ ಹೋಗ್ತಾಳೋ, ತಂಗಿ ಮನ್ಯಾಗ ಆಳಾಗ್ಯಾಳೋ?" ಎಂದು ಬೆಂಕಿ ಹಚ್ಚಿದಳು.

ಮರುದಿನವೇ ಅಪ್ಪ ಬಂದ. ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು, "ಟ್ರಂಕು ತಗೋ, ನಡಿ ಮನಿಗೆ" ಎಂದ. ಅತ್ತೆಯ ಕಡೆ ತಿರುಗಿ, "ಒಡಹುಟ್ಟಿದಾಕಿ ಅಂತ ನಂಬಿದ್ದೆನಲ್ಲ ನಿನ್ನ" ಎಂದ. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಅತ್ತಳೇ ಹೊರತು ನನ್ನ ಗುಟ್ಟು ಬಿಟ್ಟುಕೊಡಲಿಲ್ಲ. ನನಗೆ ತಡೆಯಲಾಗಲಿಲ್ಲ. ಸುಮ್ಮನಿದ್ದರೆ ಬೇರೆ ಮನೆಯಲ್ಲಾದರೂ ಇಟ್ಟು ಓದಿಸಿಯಾನು, ನಿಜ ಹೇಳಿದರೆ ಓದೇ ಹೋಗುತ್ತದೆ, ಗೊತ್ತಿತ್ತು. ಆದರೂ ಹೇಳಿಬಿಟ್ಟೆ.

"ಅತ್ತಿದು ತಪ್ಪಿಲ್ಲಪ್ಪಾ. ಪದ ಕಟ್ಟಾಕ ಕಲ್ಲು ಬೇಡಿದಾಕಿ ನಾನ. ಮಾತು ಮುರದಾಕಿನೂ ನಾನ. ಆದರ ಓದು ಬಿಟ್ಟಿಲ್ಲ, ಕ್ಲಾಸಿಗೆ ಎರಡನೇದಾಕಿ ಅದೀನಿ."

ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದ. ಹಿತ್ತಲ ಕಟ್ಟೆಯ ಮೇಲೆ ಕೂತು, "ಹಾಡು, ನೋಡೂಣು" ಎಂದ. ಕಲ್ಲಿನ ಮುಂದೆ ಕೂತು, ಒಂದು ಹಿಡಿ ಜೋಳ ಹಾಕಿ ತಿರುಗಿಸಿದೆ:

ಅಪ್ಪ ನೆಲ್ಲು ಹಚ್ಚ್ಯಾನ ಕೆಸರಿನ ಗದ್ದ್ಯಾಗ
ಕಪ್ಪು ಹಲಗ್ಯಾಗ ನಾ ಹಚ್ಚೀನಿ – ಅಕ್ಷರ
ತಪ್ಪದ ಪೈರು ಕೊಯ್ದೇನ

"ಇನ್ನೊಮ್ಮಿ" ಎಂದ. ಹಾಡಿದೆ. "ಇನ್ನೊಮ್ಮಿ." ಮೂರನೆಯ ಸಲವೂ ಹಾಡಿಸಿಕೊಂಡು, ಹೊಗಳಿಕೆಯ ಒಂದು ಮಾತೂ ಆಡದೆ ಎದ್ದು, ಊರಿಗೆ ಹೊರಟುಹೋದ. ಟ್ರಂಕಿನ ಸುದ್ದಿಯನ್ನೇ ಎತ್ತಲಿಲ್ಲ.

ಇಂಟರ್‌ಮೀಡಿಯೆಟ್ ಫಸ್ಟ್ ಕ್ಲಾಸಿನಲ್ಲಿ ಪಾಸಾದೆ. ಊರಿಗೆ ಬಂದ ಮರುದಿನ ಬೆಳಿಗ್ಗೆ ಪಕ್ಕದ ಮನೆಯಲ್ಲಿ ಕಲ್ಲಿನ ಸದ್ದು. ಅದರ ಜೊತೆಗೆ ನನ್ನದೇ ಪದ! ಓಡಿಹೋಗಿ ನೋಡಿದರೆ ಆ ಮನೆಯ ಮುದುಕಿ ಹಾಡುತ್ತಿದ್ದಾಳೆ.

"ಇದನ್ನ ಯಾರು ಕಲಿಸಿದ್ರಬೇ?"

"ನಿಮ್ಮಪ್ಪ. ನನ್ನ ಮಗಳು ಕಟ್ಯಾಳ ಅಂತ ಊರಾಗ ಒಂದು ಕಲ್ಲೂ ಬಿಟ್ಟಿಲ್ಲ, ಎಲ್ಲಾ ಮನಿಗೂ ಹೋಗಿ ಕಲಿಸ್ಯಾನ. ಅವನ ರಾಗಕ್ಕ ಬೆಂಕಿ ಬೀಳಲಿ, ನೀ ಒಮ್ಮಿ ಸರಿಯಾಗಿ ಹೇಳಿಕೊಡು ಬಾ."